ಮೀಥೇನ್ ಅಂದರೆ ಕೂಡಿಸುವ ಚಿಹ್ನೆ ಅಲ್ಲ

ಮಾನ್ಯ ಸಂಪಾದಕರೇ,

ವಿಜಯಪುರ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು 22 ವರ್ಷದಿಂದ ಕೆಮಿಸ್ಟ್ರಿ ಕಲಿಸುತ್ತಿದ್ದೇನೆ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಫಲಿತಾಂಶ ಬಂದಾಗಲೆಲ್ಲ ನಮ್ಮ ಜಿಲ್ಲೆ ಎಷ್ಟನೇ ಸ್ಥಾನಕ್ಕೆ ಹೋಯಿತು, ಎಷ್ಟು ಮೇಲೆ ಬಂತು ಅಂತ ನೀವು ಅಚ್ಚು ಹಾಕುತ್ತೀರಿ. ನಾವು ಓದುತ್ತೇವೆ. ಮರುದಿನ ಪ್ರಿನ್ಸಿಪಾಲರು ಮೀಟಿಂಗ್ ಕರೆಯುತ್ತಾರೆ. ಆ ಅಂಕಗಳ ಒಳಗೆ ಏನಿದೆ, ಏನಿಲ್ಲ ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ.

ಪ್ರಾಕ್ಟಿಕಲ್ ಪರೀಕ್ಷೆಯ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ ನಡೆದಿತ್ತು. ಎದುರಿಗೆ ಕೂತಿದ್ದವನು ಇಂಡಿ ಕಡೆಯ ಹುಡುಗ. ಜಾಣ. ಟೈಟ್ರೇಶನ್ ಒಂದು ಹನಿ ಆಚೀಚೆ ಆಗದಂತೆ ಮಾಡಿದ್ದ. ಸಾಲ್ಟ್ ಕೂಡ ಸರಿಯಾಗಿ ಕಂಡುಹಿಡಿದಿದ್ದ. ಮೀಥೇನ್ ಆಕಾರ ಏನಪ್ಪಾ ಅಂದೆ. ನಡುವೆ ಒಂದು ಕಾರ್ಬನ್ (ಸಿ), ಅದಕ್ಕೆ ನಾಲ್ಕು ಹೈಡ್ರೋಜನ್ (ಎಚ್) ಅಂಟಿದ ಅಣು ಅದು. ಕೇಳಿ ಮುಗಿಸುವುದರೊಳಗೆ ಬಂತು ಉತ್ತರ: "ಟೆಟ್ರಾಹೆಡ್ರಲ್ ರೀ ಮೇಡಂ, ನೂರಾ ಒಂಬತ್ತೂವರೆ ಡಿಗ್ರಿ." ಅಂದರೆ ನಾಲ್ಕು ಮುಖದ ಆಕಾರ, ಯಾವ ಎರಡು ಬಂಧದ ನಡುವೆಯೂ ಅಷ್ಟೇ ಕೋನ. ಪೂರ್ತಿ ಮಾರ್ಕ್ಸ್ ಕೊಡುವಂಥ ಉತ್ತರ. ಯಾಕೋ ಆವತ್ತು ಸುಮ್ನೆ ಇರಲಾಗಲಿಲ್ಲ. ನನ್ನ ಬುತ್ತಿ ಡಬ್ಬಿಯಲ್ಲಿ ಶೇಂಗಾ ಉಂಡಿ ಇತ್ತು. ಬರ್ನರ್ ಹತ್ತಿರ ಕಡ್ಡಿಪೆಟ್ಟಿಗೆ ಇತ್ತು. ಉಂಡಿ ಒಂದು, ಕಡ್ಡಿ ನಾಲ್ಕು ಅವನ ಮುಂದಿಟ್ಟು, "ಮಾಡಿ ತೋರಿಸು" ಅಂದೆ. (ಲ್ಯಾಬಿನಲ್ಲಿ ತಿನ್ನುವ ಪದಾರ್ಥ ತರಬಾರದು ಅಂತ ಬೋರ್ಡ್ ಬರೆಸಿ ಹಾಕಿದವಳೂ ನಾನೇ. ಅದನ್ನು ಅಷ್ಟಕ್ಕೇ ಬಿಟ್ಟುಬಿಡಿ.)

ಹುಡುಗ ಉಂಡಿಯನ್ನು ಟೇಬಲ್ ಮೇಲಿಟ್ಟ. ಒಂದು ಕಡ್ಡಿ ಎಡಕ್ಕೆ ಚುಚ್ಚಿದ, ಒಂದು ಬಲಕ್ಕೆ. ಒಂದು ತನ್ನ ಕಡೆಗೆ, ಒಂದು ನನ್ನ ಕಡೆಗೆ. ಟೇಬಲ್ ಮೇಲೆ ಅಚ್ಚುಕಟ್ಟಾದ ಕೂಡಿಸುವ ಚಿಹ್ನೆ. "ನಡುವೆ ಎಷ್ಟು ಡಿಗ್ರಿ ಐತಿ ನೋಡು" ಅಂದೆ. ನೋಡಿದ. ಮುಖ ಸಣ್ಣದಾಯಿತು. "ತೊಂಬತ್ತು ಐತ್ರೀ... ಆದ್ರ ಬೋರ್ಡ್ ಮ್ಯಾಲ ನೀವು ಹಿಂಗ ತಗದಿದ್ರಲ್ಲರೀ?"

ಹೌದು, ನಾನೇ ಹಾಗೆ ತೆಗೆದಿದ್ದೆ. 22 ವರ್ಷದಿಂದ ಹಾಗೇ ತೆಗೆಯುತ್ತಿದ್ದೇನೆ. ನಡುವೆ ಸಿ, ನಾಲ್ಕು ದಿಕ್ಕಿಗೆ ಎಚ್. ಪಕ್ಕದಲ್ಲಿ 109.5 ಅಂತ ಬರೆಯುವುದು, ಮುಂದಿನ ಅಣುವಿಗೆ ಹೋಗುವುದು. ಕಣ್ಣೆದುರು ಕಾಣುವುದು 90, ಬರೆದುಕೊಳ್ಳುವುದು 109.5. ಎರಡೂ ಒಂದೇ ಪುಟದಲ್ಲಿದ್ದರೂ ಮಕ್ಕಳಿಗೆ ಅದೇನೂ ವಿಚಿತ್ರ ಅನ್ನಿಸುವುದಿಲ್ಲ. ಯಾಕೆಂದರೆ ಅವರಿಗೆ 'ಟೆಟ್ರಾಹೆಡ್ರಲ್' ಅಂದರೆ ಆಕಾರ ಅಲ್ಲ, ಉತ್ತರ.

ಇದಕ್ಕೆ ಕೋಚಿಂಗ್‌ನವರು ಇನ್ನೂ ಚಂದದ ದಾರಿ ಹುಡುಕಿದ್ದಾರೆ. ನಡುವಿನ ಪರಮಾಣುವಿನ ಎಲೆಕ್ಟ್ರಾನ್, ಅಂಟಿದ ಪರಮಾಣು, ಚಾರ್ಜ್ ಎಣಿಸಿ ಹಾಕುವ ಒಂದು ಸೂತ್ರ: ವಿ ಪ್ಲಸ್ ಎಂ ಮೈನಸ್ ಸಿ ಪ್ಲಸ್ ಎ, ಎರಡರಿಂದ ಭಾಗಿಸು. ಎರಡು ಬಂದರೆ ಲೀನಿಯರ್, ಮೂರು ಬಂದರೆ ಟ್ರೈಗೋನಲ್, ನಾಲ್ಕು ಬಂದರೆ ಟೆಟ್ರಾಹೆಡ್ರಲ್. ನೀಟ್‌ಗೆ, ಸಿಇಟಿಗೆ ಇಷ್ಟೇ ಸಾಕು. ಅಣುವನ್ನು ಒಂದು ಸಲವೂ ನೋಡದೆ ಅದರ ಆಕಾರ ಹೇಳಬಹುದು. ಹುಡುಗಿ ನೋಡದೆ ನಿಶ್ಚಯ ಮಾಡಿದ ಹಾಗೆ. ಆ ಸೂತ್ರ ತಪ್ಪು ಅನ್ನುತ್ತಿಲ್ಲ, ನಾನೂ ಹೇಳಿಕೊಡುತ್ತೇನೆ. ಆದರೆ ಮೊದಲು ಕೈಗೆ ಒಂದು ಆಕಾರ ಸಿಗಬೇಕು, ಆಮೇಲೆ ಸೂತ್ರ.

ನನ್ನ ಕಥೆಯೂ ಬೇರೆ ಏನಲ್ಲ. ಅಣುವಿನ ಮಾಡೆಲ್ ಅನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಎಂಎಸ್ಸಿ ವೈವಾದಲ್ಲಿ. ಪ್ರೊಫೆಸರ್ ಎರಡು ಮಾಡೆಲ್ ಕೊಟ್ಟು ಇವೆರಡೂ ಒಂದೇನಾ, ಬೇರೆಯಾ ಅಂತ ಕೇಳಿದರು. ಎರಡರಲ್ಲೂ ಅದೇ ಕರಿ ಗುಂಡು, ಅದೇ ನಾಲ್ಕು ಬಣ್ಣ. ಒಂದೇ ಸರ್ ಅಂದೆ. ಒಂದರ ಮೇಲೊಂದು ಕೂಡಿಸಿ ತೋರಿಸಮ್ಮ ಅಂದರು. ತಿರುಗಿಸಿದೆ, ಮಗುಚಿದೆ. ಕೆಂಪು ಕೂಡಿದರೆ ನೀಲಿ ಕೂಡಲಿಲ್ಲ. ಎಡಗೈ ಚಪ್ಪಲಿ ಬಲಗಾಲಿಗೆ ಹಾಕಿದ ಹಾಗೆ ಆಯಿತು ಅಂತ ಬರೆಯಲು ಹೊರಟಿದ್ದೆ, ನೋಡಿ, ಆವತ್ತಿನ ಗಾಬರಿಗೆ ಈಗಲೂ ಕೈಗೂ ಕಾಲಿಗೂ ವ್ಯತ್ಯಾಸ ತಿಳಿಯದಂತಾಗುತ್ತದೆ. ಕನ್ನಡಿ ಪ್ರತಿಬಿಂಬದ ಅಣುಗಳ ಮೇಲೆ ಎರಡು ದಿನದ ಹಿಂದಷ್ಟೇ ಆರು ಪುಟ ಉತ್ತರ ಬರೆದು ಬಂದಿದ್ದೆ. ಅದರಲ್ಲಿ ಒಳ್ಳೆಯ ಮಾರ್ಕ್ಸ್ ಕೂಡ ಬಂದವು.

ಹಾಗಾದರೆ ಕಾಲೇಜುಗಳಲ್ಲಿ ಮಾಡೆಲ್ ಕಿಟ್ ಇರುವುದಿಲ್ಲವೇ ಅಂತ ನಿಮ್ಮ ಓದುಗರು ಕೇಳಬಹುದು. ಇರುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಒಳ್ಳೆಯ ಪ್ಲಾಸ್ಟಿಕ್ ಕಿಟ್ ಇತ್ತು. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಅದರ ಹೆಸರಿತ್ತು, ಗುಂಡು ಎಷ್ಟು, ಕಡ್ಡಿ ಎಷ್ಟು ಅಂತ ಲೆಕ್ಕವೂ ಇತ್ತು. ಅದೇ ಅದಕ್ಕೆ ಮುಳುವಾಯಿತು. ಮಕ್ಕಳ ಕೈಗೆ ಕೊಟ್ಟು ಒಂದು ಗುಂಡು ಕಳೆದರೆ ಆಡಿಟ್‌ನಲ್ಲಿ ಉತ್ತರ ಕೊಡುವವರು ಯಾರು? ಹಾಗಾಗಿ ಕಿಟ್ ಕಪಾಟಿನಲ್ಲಿ, ಕಪಾಟಿಗೆ ಬೀಗ. ನಾನು ಹಟ ಹಿಡಿದು ತೆಗೆಸಿದಾಗ ಕಡ್ಡಿಗಳು ಕೈಯಲ್ಲಿ ಪಟಪಟ ಮುರಿದವು. ಒಂದೂ ಕಳೆದಿರಲಿಲ್ಲ, ಅದು ನಿಜ.

ಆ ಹೊತ್ತಿಗೆ ನನಗೆ ನೆನಪಾದದ್ದು ಜೋಳದ ದಂಟು. ನಮ್ಮ ಕಡೆ ಊರಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ದಂಟಿನ ಹೊರಗಿನ ಗಟ್ಟಿ ಸಿಪ್ಪೆಯನ್ನು ಸೀಳಿದರೆ ಕಡ್ಡಿ. ಒಳಗಿನ ಬೆಂಡು ಹಗುರ, ಮೆತ್ತಗೆ, ಚುಚ್ಚಿದರೆ ಹಿಡಿದುಕೊಳ್ಳುತ್ತದೆ. ಇವೆರಡರಲ್ಲೇ ನಾವು ಚಕ್ಕಡಿ ಮಾಡಿದ್ದೇವೆ, ಎತ್ತು ಮಾಡಿದ್ದೇವೆ, ಕನ್ನಡಕ ಮಾಡಿ ಹಾಕಿಕೊಂಡಿದ್ದೇವೆ. ಬೆಂಡು ಪರಮಾಣು, ಸಿಪ್ಪೆ ಬಂಧ. ಇದಕ್ಕಿಂತ ಒಳ್ಳೆಯ ಕಿಟ್ ಯಾವ ಕಂಪನಿಯೂ ಮಾಡಿಲ್ಲ. ಬಣವಿಯಲ್ಲಿ ವರ್ಷವಿಡೀ ಸಿಗುತ್ತದೆ. ಕಳೆದರೆ ಎಮ್ಮೆಗೆ ಹಾಕಿದೆ ಅಂದುಕೊಂಡರಾಯಿತು.

ಮೊದಲ ವರ್ಷದವರಿಗೆ ಕೆಮಿಕಲ್ ಬಾಂಡಿಂಗ್ ಪಾಠ ಬಂದಾಗ ಎಲ್ಲರೂ ಒಂದೊಂದು ದಂಟು ತನ್ನಿ ಅಂದೆ. ಮೀಥೇನ್ ಮಾಡಲು ಒಂದು ಉಪಾಯವಿದೆ. ಬೆಂಡಿನ ತುಣುಕಿಗೆ ಮೊದಲು ಮೂರು ಕಡ್ಡಿ ಚುಚ್ಚಿ ಮುಕ್ಕಾಲಿ ಹಾಗೆ ನಿಲ್ಲಿಸಬೇಕು. ನಾಲ್ಕನೆಯದನ್ನು ನೆತ್ತಿಗೆ ನೆಟ್ಟಗೆ ಚುಚ್ಚಬೇಕು. ಈಗ ಅದನ್ನು ಮಗುಚಿ ಬೇರೆ ಮೂರು ಕಾಲಿನ ಮೇಲೆ ನಿಲ್ಲಿಸಿ. ಮೊದಲಿನಷ್ಟೇ ಎತ್ತರದಲ್ಲಿ, ಹಾಗೇ ನಿಂತಿತೋ? ಮತ್ತೆ ಮಗುಚಿ. ಯಾವ ಮೂರು ಕಾಲಿನ ಮೇಲೆ ನಿಲ್ಲಿಸಿದರೂ ಒಂದೇ ಥರ ನಿಂತರೆ ಅದು ಮೀಥೇನ್. ವಾಲಿದರೆ ಕಾಲು ಸರಿ ಮಾಡಬೇಕು. ಪುಸ್ತಕ ನೋಡಿ ಸರಿ-ತಪ್ಪು ಹೇಳುವ ಅಗತ್ಯವೇ ಇಲ್ಲ, ಟೇಬಲ್ಲೇ ಹೇಳುತ್ತದೆ. ಆಮೇಲೆ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಹಿಡಿದು ಅಳೆದರು. ಒಬ್ಬಳಿಗೆ 105 ಬಂತು, ಒಬ್ಬನಿಗೆ 113. ತೊಂಬತ್ತು ಯಾರಿಗೂ ಬರಲಿಲ್ಲ.

ಹಿಂದಿನ ಬೆಂಚಿನ ಹುಡುಗಿ ಒಬ್ಬಳು ತನ್ನ ಮೀಥೇನನ್ನು ಮಗುಚುತ್ತಾ ಮಗುಚುತ್ತಾ ತಟ್ಟನೆ ಹೇಳಿದಳು: "ಮೇಡಂ, ಇದು ನೆಗ್ಗಿಲ ಮುಳ್ಳು ಆತಲ್ಲರೀ!" ಹೆಂಗ ಬಿದ್ದರೂ ಒಂದು ಮುಳ್ಳು ಮ್ಯಾಲೇ ಇರ್ತದ, ಅದಕ್ಕೇ ಕಾಲಿಗೆ ಚುಚ್ಚತದ ಅಂತ ತಾನೇ ವಿವರಣೆಯನ್ನೂ ಕೊಟ್ಟಳು. ಇಡೀ ಕ್ಲಾಸಿಗೆ ಗೊತ್ತಿದ್ದ ಮುಳ್ಳು ಅದು. ಎಷ್ಟು ಸೈಕಲ್ ಟ್ಯೂಬು ತಿಂದಿದೆಯೋ. ನಿಜ ಹೇಳಬೇಕೆಂದರೆ ನೆಗ್ಗಿಲಿನ ನಾಲ್ಕು ಮುಳ್ಳು ಸಮ ಇರುವುದಿಲ್ಲ, ಎರಡು ಉದ್ದ, ಎರಡು ಗಿಡ್ಡ. ಅದನ್ನೂ ಹೇಳಿದೆ. ಆದರೆ ನೆಲದ ಮೇಲೆ ಚಪ್ಪಟೆ ಮಲಗುವ ನಾಲ್ಕಕ್ಕೂ, ನಾಲ್ಕು ದಿಕ್ಕಿಗೂ ಚಾಚಿದ ನಾಲ್ಕಕ್ಕೂ ಏನು ವ್ಯತ್ಯಾಸ ಅನ್ನುವುದು ಬರಿಗಾಲಲ್ಲಿ ಹೊಲಕ್ಕೆ ಹೋದ ಮಗುವಿಗೆ ನನಗಿಂತ ಚೆನ್ನಾಗಿ ಗೊತ್ತು.

ಇನ್ನು, ಯಾಕೆ ಹಾಗೆ ಚಾಚಬೇಕು ಅನ್ನುವ ಪ್ರಶ್ನೆ. 1940ರಲ್ಲಿ ಸಿಡ್ಜ್‌ವಿಕ್ ಮತ್ತು ಪೊವೆಲ್ ಶುರು ಮಾಡಿದ್ದು, 1957ರಲ್ಲಿ ಗಿಲೆಸ್ಪಿ ಮತ್ತು ನೈಹೋಮ್ ಬೆಳೆಸಿದ್ದು: ಒಂದೊಂದು ಬಂಧವೂ ಒಂದು ಎಲೆಕ್ಟ್ರಾನ್ ಜೋಡಿ, ಈ ಜೋಡಿಗಳು ಒಂದನ್ನೊಂದು ದೂಡುತ್ತವೆ, ಎಷ್ಟು ದೂರ ಹೋಗಲು ಸಾಧ್ಯವೋ ಅಷ್ಟು ದೂರ ಹೋಗುತ್ತವೆ. ಇದಕ್ಕೆ ಸಿದ್ಧೇಶ್ವರ ಜಾತ್ರೆಯ ಬಲೂನು ಸಾಕು. ಎರಡು ಬಲೂನಿನ ಬಾಯಿ ಕಟ್ಟಿದರೆ ಎದುರುಬದುರು ನಿಲ್ಲುತ್ತವೆ. ಮೂರು ಕಟ್ಟಿದರೆ ಚಪ್ಪಟೆ ತ್ರಿಕೋನ. ನಾಲ್ಕನೆಯದು ಸೇರಿಸಿದ ಕೂಡಲೇ ಅವು ತಾವಾಗಿಯೇ ಮೇಲೆ ಕೆಳಗೆ ತಿರುಗಿ ನೆಗ್ಗಿಲ ಮುಳ್ಳಾಗುತ್ತವೆ. ಒತ್ತಿ ಕೂಡಿಸುವ ಚಿಹ್ನೆ ಮಾಡಿ, ಕೈ ಬಿಡಿ, ಮತ್ತೆ ಪುಟಿದು ಅದೇ ಆಕಾರಕ್ಕೆ ಬರುತ್ತವೆ. ಒಂದು ಬಲೂನ್ ಢಮ್ ಅಂದು ಪಕ್ಕದ ಕ್ಲಾಸಿನ ಫಿಸಿಕ್ಸ್ ಸರ್ ಓಡಿ ಬಂದರು. ಅದೂ ಆಯಿತು.

ನಾಲ್ಕೇ ಜೋಡಿ ಇದ್ದರೂ ಅಮೋನಿಯಾದ ಕೋನ 107, ನೀರಿನದು 104.5 ಡಿಗ್ರಿ ಯಾಕೆ ಅನ್ನುವುದಕ್ಕೆ ಸಿಂದಗಿ ಬಸ್ಸು. ಮೂರು ಜನರ ಸೀಟಿನಲ್ಲಿ ಒಬ್ಬರು ದೊಡ್ಡ ಗಂಟು ತೊಡೆ ಮೇಲಿಟ್ಟುಕೊಂಡು ಕೂತರೆ ಉಳಿದ ಇಬ್ಬರು ಒತ್ತಿಕೊಂಡು ಕೂರಬೇಕು. ಬಂಧದಲ್ಲಿರುವ ಜೋಡಿಯನ್ನು ಎರಡು ಪರಮಾಣು ಎರಡು ಕಡೆಯಿಂದ ಎಳೆದಿರುತ್ತವೆ, ಅದು ಸೊರಗಿ ಕೂರುತ್ತದೆ. ಬಂಧಕ್ಕೆ ಸೇರದ ಜೋಡಿ, ಅಂದರೆ ಲೋನ್ ಪೇರ್ ಅನ್ನು ಹಿಡಿದಿರುವುದು ಒಂದೇ ಪರಮಾಣು. ಅದಕ್ಕೇ ಅದು ಜಾಸ್ತಿ ಜಾಗ ಹಿಡಿಯುತ್ತದೆ. ಅಮೋನಿಯಾದಲ್ಲಿ ಒಂದು ಗಂಟು, ನೀರಿನಲ್ಲಿ ಎರಡು. ಈ ಒತ್ತಾಟದಿಂದ ನೀರಿನ ಅಣು ಬಾಗಿದೆ ಅನ್ನುವುದು ಸಣ್ಣ ವಿಷಯ ಅಲ್ಲ. ಕಾರ್ಬನ್ ಡೈಆಕ್ಸೈಡ್ ಥರ ನೆಟ್ಟಗೆ ಇದ್ದಿದ್ದರೆ ಎರಡು ಕಡೆಯ ಎಳೆತ ಒಂದಕ್ಕೊಂದು ಹೊಡೆದುಹೋಗುತ್ತಿತ್ತು. ನಾವು ಸಾರಿಗೆ ಹಾಕುವ ಉಪ್ಪು ಈಗ ಕರಗುವ ಹಾಗೆ ಕರಗುತ್ತಿರಲಿಲ್ಲ.

ಇದೆಲ್ಲ ಪರೀಕ್ಷೆಗೆ ಬರಲ್ಲ ಬಿಡಿ ಮೇಡಂ ಅನ್ನುವ ಪಾಲಕರೂ ಇದ್ದಾರೆ. ಅಂಥವರಲ್ಲಿ ಕಬ್ಬಿನವರೇ ಜಾಸ್ತಿ. ಅವರಿಗೆ ನಾನು ಹೇಳುವುದು ಇಷ್ಟು: ನಿಮ್ಮ ಕಬ್ಬಿನ ಬಿಲ್ಲಿಗೂ ಇದಕ್ಕೂ ಸಂಬಂಧ ಇದೆ. ಕಾರ್ಖಾನೆ ಲ್ಯಾಬಿನಲ್ಲಿ ರಸವನ್ನು ತಿಳಿ ಮಾಡಿ ಉದ್ದದ ಕೊಳವೆಗೆ ತುಂಬಿ ಪೋಲಾರಿಮೀಟರಿನಲ್ಲಿ ಇಡುತ್ತಾರೆ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಅದರೊಳಗೆ ಬಿಡುತ್ತಾರೆ. ಸಕ್ಕರೆಯ ಅಣು ಆ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಎಷ್ಟು ತಿರುಗಿತು ಅನ್ನುವುದರಿಂದಲೇ 'ಪೋಲ್', ಅಂದರೆ ರಸದಲ್ಲಿ ಎಷ್ಟು ಸಕ್ಕರೆ ಇದೆ ಅನ್ನುವ ಲೆಕ್ಕ. ಸರ್ಕಾರದ ಎಫ್‌ಆರ್‌ಪಿ ದರ (ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ) ನಿಂತಿರುವುದು ಶೇ 10.25 ರಿಕವರಿ (ನೂರು ಕಿಲೋ ಕಬ್ಬಿಗೆ 10.25 ಕಿಲೋ ಸಕ್ಕರೆ) ಮೇಲೆ. ರಿಕವರಿಯ ಅಂದಾಜು ಶುರುವಾಗುವುದು ಈ ಪೋಲ್‌ನಿಂದ. ಅಣು ಯಾಕೆ ಬೆಳಕನ್ನು ತಿರುಗಿಸುತ್ತದೆ? ಅದರ ಕಾರ್ಬನ್‌ಗಳ ನಾಲ್ಕು ಕೈ ನೆಗ್ಗಿಲ ಮುಳ್ಳಿನ ಹಾಗೆ ಚಾಚಿವೆ, ಹೆಚ್ಚಿನವುಗಳಲ್ಲಿ ಒಂದೊಂದು ಕೈಯಲ್ಲಿ ಒಂದೊಂದು ಬೇರೆ ಬೇರೆ ಗುಂಪು ಇದೆ, ಅದಕ್ಕೆ. ಚಪ್ಪಟೆ ಇದ್ದಿದ್ದರೆ ಆ ಎಡ-ಬಲ ಇರುತ್ತಿರಲಿಲ್ಲ.

ನನ್ನ ಕ್ಲಾಸಿನ ಒಬ್ಬ ಹುಡುಗ ಇದನ್ನು ಕೇಳಿ, ಟ್ರ್ಯಾಕ್ಟರ್ ಪಾಳಿಯಲ್ಲಿ ಮೂರು ದಿನ ನಿಂತರೆ ಪೋಲ್ ಯಾಕೆ ಇಳಿಯುತ್ತದೆ ಅಂತ ಕೇಳಿದ. ಅವರಪ್ಪ ಆವತ್ತೂ ಪಾಳಿಯಲ್ಲೇ ಇದ್ದರು. ಕಡಿದ ಕಬ್ಬು ನಿಂತಷ್ಟೂ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಗ್ಲೂಕೋಸ್ ಬಲಕ್ಕೆ ತಿರುಗಿಸಿದರೆ ಫ್ರಕ್ಟೋಸ್ ಅದಕ್ಕಿಂತ ಜೋರಾಗಿ ಎಡಕ್ಕೆ ತಿರುಗಿಸುತ್ತದೆ. ಪೋಲಾರಿಮೀಟರಿನ ರೀಡಿಂಗ್ ಕುಸಿಯದೆ ಇನ್ನೇನು? ಇದಕ್ಕೇ ಇನ್ವರ್ಷನ್ ಅನ್ನುತ್ತಾರೆ. ಹುಡುಗ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅಪ್ಪನಿಗೆ ಫೋನ್ ಹಚ್ಚಿ ಹೇಳುತ್ತಿದ್ದ. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯ ತುಂಬ ಕಾರ್ಖಾನೆಗಳಿವೆ. ಆದರೂ ಪಿಯು ಮಕ್ಕಳನ್ನು ಕಾರ್ಖಾನೆ ಲ್ಯಾಬಿಗೆ ಕರೆದೊಯ್ದು ಒಂದು ಪೋಲಾರಿಮೀಟರ್ ತೋರಿಸುವುದು ನಮಗೆ ಇನ್ನೂ ದೊಡ್ಡ ಕೆಲಸವಾಗಿ ಉಳಿದಿದೆ.

ಈ ಎಡ-ಬಲದ ಕಥೆಗೂ ನಮ್ಮ ತಿಕೋಟಾದ ದ್ರಾಕ್ಷಿಗೂ ದೂರದ ನೆಂಟಸ್ತನ ಉಂಟು. ದ್ರಾಕ್ಷಿಯಲ್ಲಿ, ಹುಣಸೆಹಣ್ಣಿನಲ್ಲಿ ಇರುವ ಹುಳಿ ಟಾರ್ಟಾರಿಕ್ ಆಮ್ಲ. 1848ರಲ್ಲಿ 25 ವರ್ಷದ ಲೂಯಿ ಪಾಶ್ಚರ್ ಅದರ ಒಂದು ಲವಣದ ಹರಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಕೆಲವು ಎಡಗೈ, ಕೆಲವು ಬಲಗೈ ಇದ್ದ ಹಾಗಿದ್ದವು. ಅಕ್ಕಿ ಆರಿಸಿದಂತೆ ಚಿಮ್ಮಟದಲ್ಲಿ ಒಂದೊಂದೇ ಆರಿಸಿ ಬೇರೆ ಮಾಡಿದ. ಒಂದು ರಾಶಿ ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ. ಯಾಕೆ ಅನ್ನುವುದು ತಿಳಿಯಲು 1874 ಬರಬೇಕಾಯಿತು. ಆ ವರ್ಷ 22ರ ವಾಂಟ್ ಹಾಫ್ ಮತ್ತು ಅವನಿಂದ ಬೇರೆಯಾಗಿ ಲಿ ಬೆಲ್, ಕಾರ್ಬನ್‌ನ ನಾಲ್ಕು ಕೈ ಚಪ್ಪಟೆ ಇಲ್ಲ ಅಂದರು. ಕೋಲ್ಬೆ ಅನ್ನುವ ದೊಡ್ಡ ಕೆಮಿಸ್ಟ್ 1877ರಲ್ಲಿ ವಾಂಟ್ ಹಾಫ್‌ನನ್ನು ಹೀಯಾಳಿಸಿ ಬರೆದ. ಪಶುವೈದ್ಯ ಶಾಲೆಯಲ್ಲಿ ಕೆಲಸ ಮಾಡುವ ಇವನಿಗೆ ನೆಟ್ಟಗೆ ಸಂಶೋಧನೆ ಮಾಡುವ ರುಚಿ ಇಲ್ಲ ಅನ್ನುವ ಧಾಟಿಯಲ್ಲಿ. ಆ ಕೋಲ್ಬೆ ಒಂದು ಪತ್ರಿಕೆಯ ಸಂಪಾದಕ. (ನಿಮ್ಮನ್ನು ಅಂದದ್ದಲ್ಲ, ಸರ್.) ವಾಂಟ್ ಹಾಫ್ ಏನು ಮಾಡಿದ ಗೊತ್ತೇ? ರಟ್ಟು ಕತ್ತರಿಸಿ, ಮಡಚಿ, ಬಣ್ಣ ಹಚ್ಚಿ ಸಣ್ಣ ಸಣ್ಣ ಟೆಟ್ರಾಹೆಡ್ರನ್ ಮಾಡಿ ಬೇರೆ ಊರಿನ ಕೆಮಿಸ್ಟರಿಗೆ ಕಳಿಸಿದ. ಬರೆದದ್ದು ಓದಿದರೆ ತಿಳಿಯದು, ಕೈಯಲ್ಲಿ ಹಿಡಿಯಿರಿ ಅಂತ. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂದದ್ದು ಅವನಿಗೇ, ಆದರೆ ಅದು ಬೇರೆ ಕೆಲಸಕ್ಕೆ.

ಅಂದರೆ ಆ ಕಾಲದ ಘಟಾನುಘಟಿಗಳಿಗೇ ಹಾಳೆಯ ಮೇಲೆ ಬರೆದು ತಿಳಿಸಲಾಗದ್ದನ್ನು ನಾವು ನಮ್ಮ ಹದಿನಾರರ ಮಕ್ಕಳಿಗೆ ಬೋರ್ಡಿನ ಮೇಲೆ, ಅದೂ ಹತ್ತನೇ ತನಕ ಕನ್ನಡದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನಲ್ಲಿ, ಎರಡು ಪೀರಿಯಡ್‌ನಲ್ಲಿ ಮುಗಿಸುತ್ತಿದ್ದೇವೆ. ಸ್ಮಾರ್ಟ್ ಬೋರ್ಡ್ ಬಂದಿದೆಯಲ್ಲ ಅನ್ನುತ್ತಾರೆ. ಬಂದಿದೆ. ಅಣು ಅದರಲ್ಲಿ ಚಂದ ತಿರುಗುತ್ತದೆ, ಕರೆಂಟ್ ಇದ್ದಾಗ. ಆದರೆ ತಿರುಗಿಸುವವಳು ನಾನು, ನೋಡುವವರು ಅವರು. ಮೂವತ್ತು ಜನರಿಗೂ ಅದನ್ನು ಮಗುಚಿ ನೋಡುವ ಪಾಳಿ ಬರುವುದಿಲ್ಲ.

ಕಳೆದ ಸಲ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೆ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಾಟ ಎಲ್ಲ ಮುಗಿದ ಮೇಲೆ, ಕೆಳಗೆ ನಡುಮಧ್ಯ ನಿಂತು ಕತ್ತೆತ್ತಿ ನೋಡಿ ಅಂದೆ. ಎಂಟು ಕಮಾನುಗಳು ಒಂದನ್ನೊಂದು ದಾಟಿ ಆ ಭಾರೀ ಗುಮ್ಮಟವನ್ನು ಹೊತ್ತಿವೆ. ದಾರ ಹಿಡಿದು ಗೆರೆ ಎಳೆದರೆ ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆ ಇಟ್ಟ ಹಾಗೆ. ಗಂಧಕದ ಅಣುವನ್ನು ಮೇಲಿನಿಂದ ನೋಡಿದರೆ ಹೀಗೇ ಕಾಣುತ್ತದೆ. ಎಂಟು ಪರಮಾಣು, ನಾಲ್ಕು ಮೇಲೆ, ನಾಲ್ಕು ಕೆಳಗೆ, ಕಿರೀಟದ ಹಾಗೆ. 1656ರ ಹೊತ್ತಿಗೆ ಕಟ್ಟಿ ಮುಗಿಸಿದ ಗಾರೆಯವರಿಗೆ ಗಂಧಕದ ಗೊಡವೆ ಇರಲಿಲ್ಲ, ಸರಿ. ಆದರೆ ಅವತ್ತು ಸಂಜೆ ಬಸ್ಸಿನಲ್ಲಿ ಇಬ್ಬರು ಹುಡುಗಿಯರು ಟಿಕೆಟ್ ಹಿಂದೆ ಎರಡು ಚೌಕ ಬರೆದು ಯಾವುದು ಮೇಲಿನದು, ಯಾವುದು ಕೆಳಗಿನದು ಅಂತ ಜಗಳಾಡುತ್ತಿದ್ದರು. ಅಷ್ಟು ಸಂತೋಷ ನನಗೆ ಯಾವ ಫಲಿತಾಂಶವೂ ಕೊಟ್ಟಿಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಪ್ರಾಕ್ಟಿಕಲ್‌ಗೆ 30 ಅಂಕ ಇವೆ. ಅದರಲ್ಲಿ ಎರಡೇ ಎರಡು ಅಂಕವನ್ನು ಒಂದು ಅಣುವನ್ನು ಕೈಯಲ್ಲಿ ಮಾಡಿ ತೋರಿಸುವುದಕ್ಕೆ ಇಡಲಿ. ಕಿಟ್ ಕಡ್ಡಾಯ ಅನ್ನಬೇಡಿ. ಕಡ್ಡಾಯ ಅಂದ ಕೂಡಲೇ ಟೆಂಡರ್ ಆಗುತ್ತದೆ, ಟೆಂಡರ್ ಆದ ಮೇಲೆ ಕಪಾಟು, ಕಪಾಟಿಗೆ ಬೀಗ. ದಂಟೋ, ಕಣಕವೋ, ಬಲೂನೋ, ಏನಾದರೂ ನಡೆಯುತ್ತದೆ ಅಂತ ಒಂದು ಸಾಲು ಬರೆದರೆ ಸಾಕು. ಇನ್ನು ಈಗಾಗಲೇ ಕಪಾಟಿನಲ್ಲಿರುವ ಕಿಟ್‌ಗಳಲ್ಲಿ ಗುಂಡು ಕಳೆದರೆ ಉಪನ್ಯಾಸಕರ ಸಂಬಳಕ್ಕೆ ಕೈ ಹಾಕುವುದಿಲ್ಲ ಅಂತ ಇಲಾಖೆಯವರು ಒಂದು ಸುತ್ತೋಲೆ ಹೊರಡಿಸಿದರೆ, ಎಷ್ಟೋ ಬೀಗ ನಾಳೆಯೇ ತೆರೆಯುತ್ತವೆ.

ವೈವಾದ ಆ ಹುಡುಗನ ಸಂಗತಿ ಅರ್ಧಕ್ಕೆ ಬಿಟ್ಟೆ. ಅವನು ಎರಡು ನಿಮಿಷ ಉಂಡಿಯನ್ನೇ ನೋಡುತ್ತಾ ಕೂತ. ಆಮೇಲೆ ನಾಲ್ಕೂ ಕಡ್ಡಿ ಕಿತ್ತ, ಉಂಡಿಯನ್ನು ಟೇಬಲ್‌ನಿಂದ ಎತ್ತಿ ಅಂಗೈಯಲ್ಲಿ ಹಿಡಿದ. ಎತ್ತಿದ ಮೇಲೆ ಕೆಳಗಡೆಗೂ ಜಾಗ ಇದೆ ಅಂತ ಅವನಿಗೆ ಕಂಡಿತು ನೋಡಿ. ಮೂರನ್ನು ಕೆಳಗೆ ಚುಚ್ಚಿದ, ಒಂದನ್ನು ಮೇಲೆ. "ಹಿಂಗ ಏನ್ರೀ?" ಅಂದ. ಅಷ್ಟರಲ್ಲಿ ಉಂಡಿ ಬಿರಿಯಿತು.

ಈ ಪತ್ರದ ಜೊತೆ ಒಂದು ಸಣ್ಣ ರಟ್ಟಿನ ಡಬ್ಬಿ ಕಳಿಸಿದ್ದೇನೆ. ಒಳಗೆ ಜೋಳದ ಬೆಂಡಿನ ಮೀಥೇನ್ ಒಂದಿದೆ, ನಮ್ಮ ಮೊದಲ ವರ್ಷದ ಮಕ್ಕಳು ಮಾಡಿದ್ದು. ಅಂಚೆಯಲ್ಲಿ ಮುರಿಯದೆ ತಲುಪಿದರೆ ನಿಮ್ಮ ಟೇಬಲ್ ಮೇಲೆ ಇಟ್ಟು ಒಂದೆರಡು ಸಲ ಮಗುಚಿ ನೋಡಿ. ಒಂದು ಕಾಲು ಸ್ವಲ್ಪ ಗಿಡ್ಡ ಇದೆ, ಅದು ನನ್ನ ತಪ್ಪು.

ಇತಿ ತಮ್ಮ ವಿಶ್ವಾಸಿ,
ಒಬ್ಬ ರಸಾಯನಶಾಸ್ತ್ರ ಉಪನ್ಯಾಸಕಿ,
ವಿಜಯಪುರ ಜಿಲ್ಲೆ